ಐವತ್ತರ ಹೊಸ್ತಿಲಲ್ಲಿ ಗಾಮಾ ಪೈಲ್ವಾನ್: ಕಥೆ ಎಷ್ಟು, ಕಸುವು ಎಷ್ಟು?

1928ರ ಜನವರಿಯಲ್ಲಿ ಪಟಿಯಾಲದ ಅಖಾಡದಲ್ಲಿ ಸಾವಿರಾರು ಜನ ಸೇರಿದ್ದರು. ಒಂದು ಕಡೆ ಪೋಲೆಂಡ್ ಮೂಲದ ಸ್ತನಿಸ್ಲಾಸ್ ಝ್ಬಿಷ್ಕೊ, ಇನ್ನೊಂದು ಕಡೆ ಗಾಮಾ. ಹದಿನೇಳು ವರ್ಷಗಳ ಹಿಂದಿನ ಬಾಕಿ ಲೆಕ್ಕ ಅಂದು ಚುಕ್ತಾ ಆಗಬೇಕಿತ್ತು. ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ, ಝ್ಬಿಷ್ಕೊ ಬೆನ್ನು ನೆಲಕ್ಕೆ ತಾಗಿತ್ತು. ಆಗ ಗಾಮಾಗೆ ವಯಸ್ಸು ಹತ್ತಿರ ಹತ್ತಿರ ಐವತ್ತು.

ನಲವತ್ತು ದಾಟಿದ ಮೇಲೆ ಮೈಯಲ್ಲಿ ಇರುವ ಶಕ್ತಿ ಉಳಿದರೆ ಸಾಕು, ಹೊಸದಾಗಿ ಗಳಿಸುವುದಿಲ್ಲ ಎಂದು ನಂಬುವವರು ಬಹಳ. ಅವರಿಗೆ ಗಾಮಾ ಒಳ್ಳೆಯ ಉತ್ತರ. ಆದರೆ ಅವರ ಹೆಸರಿನ ಸುತ್ತ ಎಷ್ಟು ಕಥೆ ಬೆಳೆದಿದೆಯೆಂದರೆ, ಮೊದಲು ಜರಡಿ ಹಿಡಿಯಬೇಕಾಗುತ್ತದೆ.

ಹುಟ್ಟಿದ್ದು 1878ರಲ್ಲಿ, ಹೆಸರು ಗುಲಾಂ ಮೊಹಮ್ಮದ್ ಬಕ್ಷ್. ಕಾಶ್ಮೀರ ಮೂಲದ ಪೈಲ್ವಾನರ ಮನೆತನ. ಆರರ ವಯಸ್ಸಿನ ಹೊತ್ತಿಗೆ ತಂದೆ ತೀರಿಕೊಂಡರು, ಬೆಳೆಸಿದವರು ತಾತ ಮತ್ತು ಸೋದರಮಾವ. 1888ರಲ್ಲಿ ಜೋಧಪುರದ ಮಹಾರಾಜರು ಬಸ್ಕಿ ಹೊಡೆಯುವ ಸ್ಪರ್ಧೆ ನಡೆಸಿದರು. ನೂರಾರು ಪೈಲ್ವಾನರ ನಡುವೆ ಹತ್ತು ವರ್ಷದ ಈ ಹುಡುಗ ಕೊನೆಯ ಹದಿನೈದು ಮಂದಿಯಲ್ಲಿ ಉಳಿದ. ವಯಸ್ಸು ನೋಡಿ ಅವನನ್ನೇ ವಿಜೇತನೆಂದು ಸಾರಲಾಯಿತು. ಮುಂದೆ ದತಿಯಾ ಸಂಸ್ಥಾನ ಆಶ್ರಯ ಕೊಟ್ಟಿತು.

ಬೆಳೆದ ಮೇಲೂ ಗಾಮಾ ಎತ್ತರ ಐದು ಅಡಿ ಏಳೆಂಟು ಅಂಗುಲ ಮಾತ್ರ. 1895ರಲ್ಲಿ ಸುಮಾರು ಏಳು ಅಡಿಯ ರಹೀಂ ಬಕ್ಷ್ ಸುಲ್ತಾನಿವಾಲಾ ಎದುರು ಸಮಬಲ ಸಾಧಿಸಿದ್ದು ಸುದ್ದಿಯಾಗಿದ್ದು ಅದಕ್ಕೇ. 1910ರಲ್ಲಿ ಲಂಡನ್‌ಗೆ ಹೋದಾಗ ಕುಳ್ಳ ಎಂಬ ಕಾರಣಕ್ಕೆ ಅಲ್ಲಿನ ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಗಾಮಾ ಬಹಿರಂಗ ಸವಾಲು ಹಾಕಿದರು. ಅಮೆರಿಕದ ಬೆಂಜಮಿನ್ ರೋಲರ್ ಸೋತರು. ಸೆಪ್ಟೆಂಬರ್ 10ರಂದು ಝ್ಬಿಷ್ಕೊ ಎದುರಾದರು, ಆದರೆ ಎರಡೂವರೆ ತಾಸಿಗೂ ಹೆಚ್ಚು ಹೊತ್ತು ಬಹುಪಾಲು ಬೋರಲಾಗಿ ಮಲಗಿ ತಪ್ಪಿಸಿಕೊಂಡರು. ಪಂದ್ಯ ಸಮವಾಯಿತು. ವಾರದ ಬಳಿಕದ ಮರುಪಂದ್ಯಕ್ಕೆ ಝ್ಬಿಷ್ಕೊ ಬರಲೇ ಇಲ್ಲ. ಗಾಮಾ ಗೆದ್ದರೆಂದು ಘೋಷಿಸಿ ಜಾನ್ ಬುಲ್ ಬೆಲ್ಟ್ ಕೊಟ್ಟರು. ಊರಿಗೆ ಮರಳಿ ಅಲಹಾಬಾದ್‌ನಲ್ಲಿ ಸುಲ್ತಾನಿವಾಲಾರನ್ನೂ ಸೋಲಿಸಿದರು.

ಈಗ ಕಲ್ಲಿನ ಕಥೆ. 1902ರಲ್ಲಿ ಬರೋಡಾದಲ್ಲಿ ಗಾಮಾ 1,200 ಕಿಲೋ ತೂಕದ ಬಂಡೆ ಎತ್ತಿದರೆಂದು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಓಡಾಡುತ್ತದೆ. ಕಲ್ಲು ಬರೋಡಾದಲ್ಲಿ ಇಂದಿಗೂ ಇದೆ, ಅನುಮಾನ ಇರುವುದು ಎತ್ತಿದ್ದರ ಬಗ್ಗೆ. ಹಿಡಿತಕ್ಕೆಂದೇ ಮಾಡಿದ ಉಕ್ಕಿನ ಸರಳನ್ನು ನೆಲದಿಂದ ತೊಡೆಯವರೆಗೆ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಇಂದಿನ ದೈತ್ಯರು ಮುಟ್ಟಿರುವುದು 500 ಕಿಲೋ ಆಸುಪಾಸು. ಹಿಡಿಕೆಯೇ ಇಲ್ಲದ ಬಂಡೆಯನ್ನು ಅದರ ಎರಡು ಪಟ್ಟಿಗೂ ಮಿಕ್ಕಿ ಎತ್ತುವುದು ಮನುಷ್ಯನ ಮೂಳೆ, ಸ್ನಾಯುರಜ್ಜುಗಳ ಲೆಕ್ಕಕ್ಕೆ ಕೂರುವುದಿಲ್ಲ. ಒಂದು ಅಂಚು ಮೇಲೆತ್ತಿರಬಹುದು, ಉರುಳಿಸಿರಬಹುದು. ಅದೂ ಸಣ್ಣ ಮಾತಲ್ಲ.

ದಿನಕ್ಕೆ 5,000 ಬಸ್ಕಿ, 3,000 ದಂಡ ಎಂಬ ಮಾತಿಗೆ ಉತ್ತರ ಬೇರೆ. ಎರಡು ಸೆಕೆಂಡಿಗೊಂದು ಬಸ್ಕಿ ಎಂದರೆ ಸುಮಾರು 2 ಗಂಟೆ 45 ನಿಮಿಷ. ಮೂರು ಸೆಕೆಂಡಿಗೊಂದು ದಂಡ ಎಂದರೆ ಎರಡೂವರೆ ಗಂಟೆ. ಬಾಲ್ಯದಿಂದ ಅದೊಂದೇ ಕೆಲಸ ಮಾಡಿಕೊಂಡು ಬಂದವರಿಗೆ ಅಸಾಧ್ಯ ಎನ್ನಲಾಗದು. ಇದನ್ನು ನೋಡಿ ನಲವತ್ತೈದರ ನೀವು ನಾಳೆಯೇ ಐನೂರು ಬಸ್ಕಿ ಹೊಡೆಯಲು ಹೋದರೆ ಮಾತ್ರ ಅಪಾಯ. ಅಭ್ಯಾಸವಿಲ್ಲದ ಸ್ನಾಯು ಅತಿಯಾದ ಶ್ರಮಕ್ಕೆ ಒಡೆದು, ಅದರ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಶಿಕ್ಷೆಯಾಗಿ ನೂರಾರು ಬಸ್ಕಿ ಹೊಡೆಸಿಕೊಂಡ ಆರೋಗ್ಯವಂತ ಮಕ್ಕಳೂ ಹೀಗೆ ಆಸ್ಪತ್ರೆ ಸೇರಿದ್ದಾರೆ. ವ್ಯಾಯಾಮದ ಬಳಿಕ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ವೈದ್ಯರಲ್ಲಿಗೆ ಹೋಗಿ.

ಹಾಗಾದರೆ ಪಟಿಯಾಲದ ಗೆಲುವು ಹೇಗೆ ಬಂತು? ಮೂವತ್ತರ ನಂತರ ಸ್ನಾಯುವಿನ ಪ್ರಮಾಣ ದಶಕಕ್ಕೆ ಶೇ 3ರಿಂದ 8ರಷ್ಟು ಇಳಿಯುತ್ತದೆ, ಅರವತ್ತರ ಬಳಿಕ ಇನ್ನೂ ವೇಗವಾಗಿ. ಬಲ ಸ್ನಾಯುವಿಗಿಂತ ಬೇಗ ಕುಸಿಯುತ್ತದೆ. ಆದರೆ ಈ ಇಳಿಕೆಯಲ್ಲಿ ವಯಸ್ಸಿನ ಪಾಲೆಷ್ಟೋ ಕುಳಿತಲ್ಲೇ ಕೂರುವುದರ ಪಾಲೂ ಅಷ್ಟೇ ದೊಡ್ಡದು. ಗಾಮಾ ಮಟ್ಟಿ ಬಿಟ್ಟವರಲ್ಲ. ಅನುಭವಿ ಪೈಲ್ವಾನನಿಗೆ ಎದುರಾಳಿ ಭಾರ ಎಲ್ಲಿ ಹಾಕುತ್ತಾನೆಂಬುದು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಆ ಅರಿವು ಸ್ನಾಯುವಿನಷ್ಟು ಬೇಗ ಕರಗುವುದಿಲ್ಲ. ಪಂದ್ಯ ನಡೆದದ್ದೂ ಮಣ್ಣಿನ ಅಖಾಡದಲ್ಲಿ, ಝ್ಬಿಷ್ಕೊಗೆ ರೂಢಿಯಿದ್ದದ್ದು ಮ್ಯಾಟ್. ಗಾಮಾ ಕಥೆ ಹೇಳುವವರು ಝ್ಬಿಷ್ಕೊ ವಯಸ್ಸನ್ನು ಹೇಳುವುದೇ ಇಲ್ಲ, ಅದು ನನಗೆ ಅನ್ಯಾಯವೆನಿಸುತ್ತದೆ. ಅವರೂ ಐವತ್ತರ ಸಮೀಪದವರೇ. 1925ರಲ್ಲಿ, ನಲವತ್ತು ದಾಟಿದ ಮೇಲೆ, ಅಮೆರಿಕದಲ್ಲಿ ವಿಶ್ವ ಹೆವಿವೇಯ್ಟ್ ಪಟ್ಟ ಗೆದ್ದವರು.

ಜೀವಮಾನವಿಡೀ ಗರಡಿ ಮನೆ ಕಾಣದವರಿಗೂ ಬಾಗಿಲು ಮುಚ್ಚಿಲ್ಲ. 1990ರಲ್ಲಿ ಬೋಸ್ಟನ್‌ನ ಸಂಶೋಧಕರು ವೃದ್ಧಾಶ್ರಮದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174 ಹೆಚ್ಚಿತ್ತು. ಮೊದಲ ವಾರಗಳ ಗಳಿಕೆ ಬಹುಪಾಲು ನರಗಳದ್ದು: ಮಲಗಿದ್ದ ಸ್ನಾಯುತಂತುಗಳನ್ನು ಮೆದುಳು ಮತ್ತೆ ಕೆಲಸಕ್ಕೆ ಕರೆಯುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಯಸ್ಸಾದವರಿಗೂ ಅನ್ವಯಿಸುತ್ತದೆ. ಕುರ್ಚಿಯಿಂದ ಕೈಯೂರದೆ ಏಳುವುದು ಐದರಿಂದ ಹತ್ತಕ್ಕೆ ಏರಿದರೆ ಅದೂ ಮೈಲಿಗಲ್ಲೇ. ಬಿಪಿ, ಹೃದಯದ ತೊಂದರೆ ಇದ್ದವರು ಶುರು ಮಾಡುವ ಮುನ್ನ ವೈದ್ಯರನ್ನು ಕೇಳುವುದು ಒಳಿತು.

1929ರಲ್ಲಿ ಜೆಸ್ಸಿ ಪೀಟರ್ಸನ್‌ರನ್ನೂ ಗಾಮಾ ಒಂದೂವರೆ ನಿಮಿಷದಲ್ಲಿ ಕೆಡವಿದರು. ಆಮೇಲೆ ಎದುರಾಳಿಗಳೇ ಸಿಗಲಿಲ್ಲ. 1947ರಲ್ಲಿ ಲಾಹೋರ್‌ನ ಮೋಹಿನಿ ರಸ್ತೆಯಲ್ಲಿ ನೆರೆಯ ಹಿಂದೂಗಳ ಮೇಲೆ ಗುಂಪು ಏರಿಬಂದಾಗ ಗಾಮಾ ಮತ್ತು ಅವರ ಶಿಷ್ಯರು ಅಡ್ಡ ನಿಂತರು. ಆಗ ಅವರಿಗೆ ಅರವತ್ತೊಂಬತ್ತು. ಕೊನೆಗಾಲದಲ್ಲಿ ಹೃದಯ ಮತ್ತು ಉಸಿರಾಟದ ಕಾಯಿಲೆ ಹಿಡಿಯಿತು, ಔಷಧದ ಖರ್ಚಿಗೂ ಕಷ್ಟವಾಯಿತು. ಗಡಿಯಾಚೆಯಿಂದ ಉದ್ಯಮಿ ಜಿ. ಡಿ. ಬಿರ್ಲಾ ಹಣ ಕಳಿಸಿದರು. 1960ರ ಮೇ 23ರಂದು ಲಾಹೋರ್‌ನಲ್ಲಿ ಗಾಮಾ ತೀರಿಕೊಂಡರು. ಬಸ್ಕಿ ಹೊಡೆಯುವಾಗ ಅವರು ಕೊರಳಿಗೆ ಹಾಕಿಕೊಳ್ಳುತ್ತಿದ್ದರೆನ್ನುವ 95 ಕಿಲೋದ ಬಳೆಯಾಕಾರದ ಚಕ್ರ ಈಗ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಮ್ಯೂಸಿಯಂನಲ್ಲಿದೆ.