ಮಕ್ಕಳಿಗೆ ಕಥೆ ಕೊಟ್ಟ ಮೇಷ್ಟ್ರು

ನಾಗರಹಾವಿನ ಪದ್ಯವನ್ನು ಬಾಯಿಪಾಠ ಮಾಡದೆ ಕನ್ನಡ ಶಾಲೆ ದಾಟಿದವರು ಕಡಿಮೆ. ಅದನ್ನು ಬರೆದ ಪಂಜೆ ಮಂಗೇಶರಾಯರ ಬದುಕು ಮಾತ್ರ ನಮ್ಮಲ್ಲಿ ಹಲವರಿಗೆ ಕವಿ ಪರಿಚಯದ ನಾಲ್ಕು ಸಾಲಿಗೇ ಮುಗಿದುಹೋಗಿದೆ.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತು ಕೊಂಕಣಿ, ಊರಿನ ಮಾತು ತುಳು, ಬರೆದದ್ದು ಕನ್ನಡದಲ್ಲಿ. ಬಡತನದಲ್ಲೇ ಓದಿದರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿ, ಕೆಲಸದ ಜೊತೆಗೇ ಬಿ.ಎ. ಮುಗಿಸಿದರು. ಮುಂದೆ ಶಾಲಾ ಇನ್‌ಸ್ಪೆಕ್ಟರ್ ಆದರು. ಇನ್‌ಸ್ಪೆಕ್ಟರ್ ಎಂದರೆ ಮಕ್ಕಳಿಗಷ್ಟೇ ಅಲ್ಲ, ಮೇಷ್ಟ್ರಿಗೂ ನಡುಕ ಹುಟ್ಟುತ್ತಿದ್ದ ಕಾಲವದು. ಪಂಜೆಯವರು ತರಗತಿಗೆ ಬಂದರೆ ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು.

ಆಗ ಪರೀಕ್ಷೆಗಲ್ಲದೆ ಖುಷಿಗಾಗಿ ಓದಲು ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕಗಳು ತೀರ ವಿರಳ. ಬೇರೆ ಯಾರಾದರೂ ಬರೆಯಲಿ ಎಂದು ಅವರು ಕಾಯಲಿಲ್ಲ. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಕವಿಶಿಷ್ಯ ಎಂಬ ಹೆಸರಿನಲ್ಲಿ ಪದ್ಯ ಬರೆದರು. ಚಿಕ್ಕವರಿಗೆ ‘ಮೂರು ಕರಡಿಗಳು’, ‘ಗುಡುಗುಡು ಗುಮ್ಮಟ ದೇವರು’ ಕೊಟ್ಟರು. ಶಿಶುಗೀತೆಯನ್ನು ದಾಟಿದ, ದೊಡ್ಡವರ ಕಾದಂಬರಿ ಇನ್ನೂ ಕೈಗೆಟುಕದ ಹನ್ನೆರಡು ಹದಿಮೂರರ ಮಕ್ಕಳು ಏನು ಓದಬೇಕು? ‘ಕೋಟಿ ಚೆನ್ನಯ’ ಅದಕ್ಕೆ ಉತ್ತರದಂತಿದೆ. ತುಳುವಿನ ಪಾಡ್ದನದಲ್ಲಿದ್ದ ಅವಳಿ ವೀರರ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಅರಸನ ಗಾಯ ವಾಸಿಮಾಡಿದ ತಾಯಿ, ಅವಳ ಮಕ್ಕಳಿಗೆ ಆಗುವ ಅನ್ಯಾಯ, ಗದ್ದೆಯ ಜಗಳ, ಕೊನೆಗೆ ಯುದ್ಧದಲ್ಲಿ ಸಾವು. ಆ ವಯಸ್ಸಿಗೆ ನ್ಯಾಯ ಅನ್ಯಾಯದ ಪ್ರಶ್ನೆ ಅರ್ಥವಾಗುತ್ತದೆ ಎಂಬ ನಂಬಿಕೆ ಇಲ್ಲದವರು ಇಂಥ ಕಥೆಯನ್ನು ಮಕ್ಕಳ ಕೈಗಿಡಲಾರರು.

ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡಗನ್ನೂ ತಮ್ಮದಾಗಿಸಿಕೊಂಡರು; ಅವರ ‘ಹುತ್ತರಿ ಹಾಡು’ ಇಂದಿಗೂ ಜನಪ್ರಿಯ. 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ತೀರಿಕೊಂಡರು.

ಟಿಇಟಿ ಬರೆದು ಶಿಕ್ಷಕ ಹುದ್ದೆಗೆ ಕಾಯುತ್ತಿರುವ ನಮ್ಮಂಥವರು ಶಿಶು ಮನೋವಿಜ್ಞಾನವನ್ನು ಅಂಕಕ್ಕಾಗಿ ಓದುತ್ತೇವೆ. ನಾಳೆ ಏಳನೇ ತರಗತಿಯ ಹುಡುಗಿಯೊಬ್ಬಳು ಓದಲು ಒಳ್ಳೆಯ ಪುಸ್ತಕ ಕೇಳಿದರೆ ನಾವು ಯಾವ ಹೆಸರು ಹೇಳುತ್ತೇವೆ? ನೇಮಕಾತಿ ಆದೇಶ ಬರುವಷ್ಟರಲ್ಲಿ ಅಂಥ ಹತ್ತು ಪುಸ್ತಕಗಳನ್ನಾದರೂ ನಾವೇ ಓದಿ ಇಟ್ಟುಕೊಂಡಿರೋಣ.