ಡೀಸೆಲ್ ಎಂದರೆ ಒಬ್ಬ ಮನುಷ್ಯನ ಹೆಸರು

ಪುಣೆಯಿಂದ ಹುಬ್ಬಳ್ಳಿ–ಧಾರವಾಡದ ಕಡೆಗೆ ಕಾರಿನಲ್ಲಿ ಹೋಗುವವರಿಗೆಲ್ಲ ಖಂಬಾಟ್ಕಿ ಘಾಟ್ ಪರಿಚಯವಿರುತ್ತದೆ. ಹೋದ ದೀಪಾವಳಿಗೆ ಊರಿಗೆ ಹೊರಟಾಗ ನಮ್ಮ ಡೀಸೆಲ್ ಕಾರು ಅಲ್ಲೇ ಕೈಕೊಟ್ಟಿತು. ಆಕ್ಸಲರೇಟರ್ ಎಷ್ಟು ಒತ್ತಿದರೂ ಪಿಕಪ್ ಇಲ್ಲ, ಹಿಂದೆ ನೀಲಿ ಹೊಗೆ. ಟರ್ಬೊ ಹೋಗಿತ್ತು. ಅದು ಒಂದೂವರೆ ವರ್ಷದ ಹಿಂದಷ್ಟೇ ಬದಲಿಸಿದ್ದ ಟರ್ಬೊ.

ಈ ಸಲ ಕಾರು ನೋಡಿದ ಹಿರಿಯ ಮೆಕ್ಯಾನಿಕ್ ಹೊಸ ಟರ್ಬೊದ ಮಾತನ್ನೇ ಎತ್ತಲಿಲ್ಲ. ಮೊದಲು ಅದಕ್ಕೆ ಆಯಿಲ್ ಒಯ್ಯುವ ಸಣ್ಣ ಪೈಪನ್ನು ಬಿಚ್ಚಿ ತೋರಿಸಿದರು. ಒಳಗೆ ಸುಟ್ಟ ಆಯಿಲ್ ಕಿಟ್ಟಗಟ್ಟಿ ದಾರಿ ಅರ್ಧ ಮುಚ್ಚಿತ್ತು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದು ಆಯಿಲ್‌ನ ತೆಳುವಾದ ಪದರದ ಮೇಲೆ ತೇಲುತ್ತಿರಬೇಕು. ಆಯಿಲ್ ಕಡಿಮೆಯಾದರೆ ಬೇರಿಂಗ್ ಉಳಿಯುವುದಿಲ್ಲ. ಹಿಂದಿನ ಗ್ಯಾರೇಜಿನವರು ಕೆಟ್ಟ ಭಾಗವನ್ನು ಬದಲಿಸಿದ್ದರು, ಅದನ್ನು ಕೆಡಿಸಿದ ಕಾರಣವನ್ನು ಹಾಗೇ ಬಿಟ್ಟಿದ್ದರು.

ಕಾರು ಗ್ಯಾರೇಜಿನಲ್ಲಿದ್ದ ವಾರ, ಬಂಕಿನಲ್ಲಿ ಯೋಚಿಸದೇ ಹೇಳುವ ಆ ಹೆಸರಿನ ಮನುಷ್ಯನ ಬಗ್ಗೆ ಓದುತ್ತ ಕುಳಿತೆ. ಕೆಟ್ಟ ಎಂಜಿನ್‌ಗಳ ಕಾಟವನ್ನು ಅವನಷ್ಟು ಅನುಭವಿಸಿದವರು ಕಡಿಮೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಬವೇರಿಯಾ ಕಡೆಯವರು, ಹೊಟ್ಟೆಪಾಡಿಗೆ ಪ್ಯಾರಿಸ್‌ನಲ್ಲಿ ನೆಲೆಸಿದವರು. ಅಪ್ಪನದು ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾದಾಗ ಜರ್ಮನರೆಲ್ಲ ಪ್ಯಾರಿಸ್ ಬಿಡಬೇಕಾಯಿತು. ಕುಟುಂಬ ಲಂಡನ್ ಸೇರಿತು. ಅಲ್ಲೂ ಬದುಕು ಕಷ್ಟವಾದ್ದರಿಂದ ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಅಪ್ಪನ ಊರಾದ ಆಗ್ಸ್‌ಬರ್ಗ್‌ಗೆ, ನೆಂಟರ ಮನೆಗೆ ಕಳಿಸಿದರು. ಪ್ಯಾರಿಸ್‌ನಲ್ಲಿ ಅವನು ಜರ್ಮನ್, ಜರ್ಮನಿಯಲ್ಲಿ ಪ್ಯಾರಿಸ್‌ನಿಂದ ಬಂದವನು. ಹೊರಗೆ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗ ಓದಿನಲ್ಲಿ ಮುಂದಿದ್ದ. ಸ್ಕಾಲರ್‌ಶಿಪ್ ಪಡೆದು ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ಶೀತಲೀಕರಣ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಅವನಿಗೆ ಗುರು. ಉಗಿ ಎಂಜಿನ್‌ನಲ್ಲಿ ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ವ್ಯರ್ಥವಾಗುತ್ತದೆ ಎಂದು ಲಿಂಡೆ ಪಾಠದಲ್ಲಿ ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತು. 1879ರಲ್ಲಿ ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆಯವರೆಗೆ ಸ್ವಿಟ್ಜರ್ಲೆಂಡಿನ ವಿಂಟರ್ತೂರ್‌ನಲ್ಲಿರುವ ಸುಲ್ಜರ್ ಕಾರ್ಖಾನೆಯಲ್ಲಿ ಕೆಲಸ ಕಲಿತ. ಈ ಊರಿನ ಹೆಸರು ನೆನಪಿರಲಿ, ಕಥೆ ಮತ್ತೆ ಅಲ್ಲಿಗೇ ಬರುತ್ತದೆ. 1880ರ ಜನವರಿಯಲ್ಲಿ ಅತ್ಯುತ್ತಮ ಅಂಕಗಳೊಂದಿಗೆ ಪಾಸಾದ.

ಮುಂದೆ ಹತ್ತು ವರ್ಷ ಪ್ಯಾರಿಸ್‌ನಲ್ಲಿ ಲಿಂಡೆಯವರ ಐಸ್ ಯಂತ್ರಗಳ ಕೆಲಸ. ಮಾರ್ಥಾಳೊಂದಿಗೆ ಮದುವೆ, ಮೂವರು ಮಕ್ಕಳು. 1890ರಲ್ಲಿ ಬರ್ಲಿನ್‌ಗೆ ಬಂದ. ಬಿಡುವಿನಲ್ಲೆಲ್ಲ ಅವನಿಗೆ ಒಂದೇ ಯೋಚನೆ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನೇ ಕಾಯುತ್ತದೆ, ಕಾದ ಗಾಳಿಗೆ ಇಂಧನ ಬಿಟ್ಟರೆ ಕಿಡಿಯಿಲ್ಲದೇ ಹೊತ್ತಿಕೊಳ್ಳುತ್ತದೆ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, ಮರುವರ್ಷ ಅದು ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಶ್ ಬುಟ್ಸ್ ಮತ್ತು ಕ್ರುಪ್ ಕಂಪನಿ ಹಣ ಹಾಕಲು ಒಪ್ಪಿದರು.

1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಇಂಧನ ಹೊತ್ತಿಕೊಂಡದ್ದೇ ತಡ, ಒತ್ತಡ ಅಳೆಯುವ ಉಪಕರಣ ಸಿಡಿದು ಚೂರುಗಳು ಹಾರಿದವು. ಪಕ್ಕದಲ್ಲಿದ್ದವರು ಸ್ವಲ್ಪದರಲ್ಲಿ ಬಚಾವಾದರು. ಎಂಜಿನ್ ಓಡಲಿಲ್ಲ, ಆದರೆ ಕಿಡಿಯಿಲ್ಲದೇ ಬೆಂಕಿ ಹತ್ತುತ್ತದೆ ಎಂಬುದು ಖಚಿತವಾಯಿತು. 1894ರ ಫೆಬ್ರುವರಿ 17ರಂದು ಅದು ಮೊದಲ ಬಾರಿಗೆ ತನ್ನ ಬಲದಿಂದಲೇ ತಿರುಗಿತು. ಓಡಿದ್ದು ಸುಮಾರು ಒಂದು ನಿಮಿಷ, 88 ಸುತ್ತು. ಇಂಥ ಒಂದು ನಿಮಿಷದಿಂದ ಮಾರಬಹುದಾದ ಎಂಜಿನ್‌ವರೆಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ವಾಲ್ವ್, ಪಿಸ್ಟನ್ ರಿಂಗ್, ಇಂಧನ ಚಿಮ್ಮಿಸುವ ನಳಿಕೆ ಎಲ್ಲವನ್ನೂ ಮತ್ತೆ ಮತ್ತೆ ಬಿಚ್ಚಿ, ಮತ್ತೆ ಮಾಡಿ ಜೋಡಿಸಿದರು. 1897ರ ಫೆಬ್ರುವರಿ 17ರಂದು ಮ್ಯೂನಿಕ್‌ನ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಅಧಿಕೃತವಾಗಿ ಅಳೆದರು. ದಕ್ಷತೆ ಶೇ 26.2. ಉಗಿ ಎಂಜಿನ್‌ಗಳು ಕನಸಿನಲ್ಲೂ ಕಾಣದ ಅಂಕಿ. ಆ ಎಂಜಿನ್ ಈಗಲೂ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ.

ಎಡವಿದ್ದು ಇಲ್ಲಿಂದ ಮುಂದೆ. ದೇಶ ದೇಶಗಳ ಕಂಪನಿಗಳು ಲೈಸೆನ್ಸ್‌ಗೆ ಮುಗಿಬಿದ್ದವು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಒಬ್ಬರೇ 10 ಲಕ್ಷ ಮಾರ್ಕ್ ಕೊಟ್ಟರು. 1898ರಲ್ಲಿ ಕೆಂಪ್ಟನ್ ಊರಿನ ಬೆಂಕಿಪೊಟ್ಟಣದ ಕಾರ್ಖಾನೆಗೆ 60 ಅಶ್ವಶಕ್ತಿಯ ಎಂಜಿನ್ ಹೋಯಿತು. ಹೋದಲ್ಲೆಲ್ಲ ತೊಂದರೆ. ಪರೀಕ್ಷೆಯ ಎಂಜಿನ್ ಅನ್ನು ಅದರ ಒಂದೊಂದು ಬೋಲ್ಟ್ ಬಲ್ಲ ಎಂಜಿನಿಯರ್‌ಗಳು ನೋಡಿಕೊಂಡಿದ್ದರು. ಕಾರ್ಖಾನೆಯಲ್ಲಿ ಅದನ್ನು ಓಡಿಸುವವರು ಉಗಿ ಎಂಜಿನ್ ಮಾತ್ರ ಕಂಡವರು. ಇಂಧನ ಸಿಂಪಡಿಸುವ ಜರಡಿ ಕಟ್ಟಿಕೊಳ್ಳುತ್ತಿತ್ತು, ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರ್ ಪದೇ ಪದೇ ಕೈಕೊಡುತ್ತಿತ್ತು. ಗಿರಾಕಿಗಳು ಎಂಜಿನ್ ವಾಪಸ್ ಕಳಿಸಿದರು. ಅವನ ಹೆಸರಿನಲ್ಲೇ ಆಗ್ಸ್‌ಬರ್ಗ್‌ನಲ್ಲಿ ತೆರೆದ ಎಂಜಿನ್ ಕಾರ್ಖಾನೆಯೂ ಮೇಲೇಳಲಿಲ್ಲ. ನಮ್ಮ ಆಫೀಸಿನಲ್ಲಿ ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿ ಗಿರಾಕಿಯ ಬಳಿ ಕುಸಿದು ಬೀಳುವ ಸಾಫ್ಟ್‌ವೇರ್ ಕಂಡವರಿಗೆ ಇದು ಹೊಸದಲ್ಲ.

ರುಡಾಲ್ಫ್ ಇದನ್ನು ತಾಳಿಕೊಳ್ಳಲಿಲ್ಲ. ತಲೆನೋವು, ನಿದ್ರೆಯಿಲ್ಲದ ರಾತ್ರಿಗಳು. 1898ರ ಚಳಿಗಾಲದಲ್ಲಿ ನರಗಳ ಬಳಲಿಕೆಯಿಂದ ಆಸ್ಪತ್ರೆ ಸೇರಿದ. ಅದೇ ವರ್ಷ ತನ್ನ ಹಕ್ಕುಗಳನ್ನೆಲ್ಲ ಹೊಸ ಕಂಪನಿಯೊಂದಕ್ಕೆ 35 ಲಕ್ಷ ಮಾರ್ಕ್‌ಗೆ ವಹಿಸಿದ್ದ. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ. ಜಮೀನಿನ ವ್ಯವಹಾರ, ಗಲೀಶಿಯಾದ ಎಣ್ಣೆ ಬಾವಿಗಳಲ್ಲಿ ದುಡ್ಡು ಹಾಕಿ ಕಳೆದುಕೊಂಡ.

ಎಂಜಿನ್ ಮಾತ್ರ ಸುಧಾರಿಸುತ್ತ ಹೋಯಿತು. ಆಗ್ಸ್‌ಬರ್ಗ್‌ನ ಎಂಜಿನಿಯರ್‌ಗಳು ವಾಪಸ್ ಬಂದ ಎಂಜಿನ್‌ಗಳನ್ನು ಬಿಚ್ಚಿ, ಕೆಟ್ಟದ್ದು ಯಾಕೆಂದು ಹುಡುಕಿ, ಒಂದೊಂದೇ ಸರಿಪಡಿಸಿದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಎಂಜಿನ್‌ಗೆ ಗ್ರ್ಯಾಂಡ್ ಪ್ರಿ ಬಂತು, ಅಲ್ಲಿ ಒಂದು ಶೇಂಗಾ ಎಣ್ಣೆಯಲ್ಲೂ ಓಡಿತು. 1912ರಲ್ಲಿ ಡೀಸೆಲ್ ಎಂಜಿನ್‌ನ ಸೆಲಾಂಡಿಯಾ ಹಡಗು ಡೆನ್ಮಾರ್ಕ್‌ನಿಂದ ಬ್ಯಾಂಕಾಕ್‌ಗೆ ಹೊರಟಿತು. ಆದರೆ ಆ ವರ್ಷ ಬರ್ಲಿನ್‌ನಲ್ಲಿ ಎಂಜಿನ್ ಹುಟ್ಟಿದ ಕಥೆ ಹೇಳಲು ನಿಂತಾಗ ಪ್ರೊಫೆಸರ್‌ಗಳು ಎದುರೇ ಟೀಕಿಸಿದರು. ಪೇಟೆಂಟ್‌ನಲ್ಲಿ ಬರೆದದ್ದೇ ಬೇರೆ, ಓಡುತ್ತಿರುವ ಎಂಜಿನ್ನೇ ಬೇರೆ ಎಂಬುದು ಅವರ ತಕರಾರು. ಅದರಲ್ಲಿ ಸತ್ಯವಿತ್ತು. ಕಾಗದದ ಎಂಜಿನ್ ದುರಸ್ತಿಯಲ್ಲೇ ಬೇರೆ ಎಂಜಿನ್ ಆಗಿತ್ತು. ಅದು ನಾಚಿಕೆಯ ವಿಷಯವಲ್ಲ, ಆದರೆ ಅವನಿಗೆ ಹಾಗೆ ಅನ್ನಿಸಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ. ಜೊತೆಗಾರರೊಂದಿಗೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಲು ಹೇಳಿ ಹತ್ತು ಗಂಟೆಯ ಹೊತ್ತಿಗೆ ಕೋಣೆಗೆ ಹೋದ. ಬೆಳಿಗ್ಗೆ ಕೋಣೆ ಖಾಲಿ, ಹಾಸಿಗೆ ಮುಟ್ಟಿರಲಿಲ್ಲ. ಡೆಕ್ಕಿನಲ್ಲಿ ಹ್ಯಾಟು, ಮಡಚಿಟ್ಟ ಕೋಟು. ಸುಮಾರು ಹತ್ತು ದಿನದ ಮೇಲೆ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಸಿಕ್ಕ ಶವದ ಜೇಬಿನ ಸಾಮಾನುಗಳನ್ನು ಮಗ ಯೂಜೆನ್ ಅಪ್ಪನದೆಂದು ಗುರುತಿಸಿದ. ಆಕಸ್ಮಿಕ, ಕೊಲೆ ಎಂಬ ಮಾತುಗಳು ಇಂದಿಗೂ ಇವೆ. ಮನೆಯವರಿಗೆ ತಿಳಿದದ್ದು, ಬ್ಯಾಂಕಿನಲ್ಲಿ ಸಾಲದ ಹೊರತು ಏನೂ ಇರಲಿಲ್ಲ ಎಂಬುದು. ಅವನಿಗಾಗ 55 ವರ್ಷ.

ಅವನು ಕಲಿತ ವಿಂಟರ್ತೂರ್‌ನಲ್ಲೇ, ಅವನು ಅಲ್ಲಿದ್ದ 1879ರಲ್ಲೇ ಹುಟ್ಟಿದ ಆಲ್ಫ್ರೆಡ್ ಬುಚಿ ಮುಂದೆ ಟರ್ಬೊ ಕಂಡುಹಿಡಿದ. ಹೊರಹೋಗುವ ಹೊಗೆಯ ಬಲದಿಂದಲೇ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಮಾಡಿಸಿದ. ಅವನೂ ಸುಲ್ಜರ್‌ನಲ್ಲಿ ಕೆಲಸ ಮಾಡಿದವನೇ. ಹಡಗುಗಳಲ್ಲಿ ಅದು ನೆಚ್ಚಿಕೊಳ್ಳುವಂತೆ ಆಗಲು ಇಪ್ಪತ್ತು ವರ್ಷ ಬೇಕಾಯಿತು. ಡೀಸೆಲ್ ಎಂಜಿನ್ ಮಾರಾಟದ ಕಾರಿಗೆ ಬಂದದ್ದು 1936ರಲ್ಲಿ, ಟರ್ಬೊ ಡೀಸೆಲ್ ಕಾರು 1978ರಲ್ಲಿ. ಯಾವುದೂ ರುಡಾಲ್ಫ್ ನೋಡಲಿಲ್ಲ.

ನಮ್ಮ ಕಾರಿಗೆ ಆಯಿಲ್ ಪೈಪ್ ಹೊಸದು, ಆಯಿಲ್ ಫಿಲ್ಟರ್ ಹೊಸದು, ಸಂಪ್ ತೆಗೆದು ತೊಳೆದರು. ಟರ್ಬೊ ಹಾಕಿದ್ದು ಕೊನೆಗೆ. ಆಯಿಲ್ ಬದಲಾವಣೆ ಮುಂದೂಡಬಾರದು, ಘಾಟ್ ಹತ್ತಿ ಬಂದ ಕೂಡಲೇ ಎಂಜಿನ್ ಬಂದ್ ಮಾಡಬಾರದು ಎಂದು ಆ ಹಿರಿಯರು ತಾಕೀತು ಮಾಡಿದರು. ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು ಕಿಟ್ಟವಾಗುತ್ತದಂತೆ. ಈಗ ಖಂಬಾಟ್ಕಿ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಮಕ್ಕಳು ಇಳಿಯಲು ಅವಸರ ಮಾಡುತ್ತಾರೆ. ನಾನು ಎಂಜಿನ್ ಬಂದ್ ಮಾಡದೇ ಇನ್ನೊಂದು ನಿಮಿಷ ಕೂತಿರುತ್ತೇನೆ.