ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (1895–1948) ಅಮೆರಿಕದಲ್ಲಿ ನೆಲೆಸಿ ಸಂಶೋಧನೆ ನಡೆಸಿದ ಭಾರತೀಯ ಜೀವರಸಾಯನ ವಿಜ್ಞಾನಿ. ಆನೆಕಾಲು ರೋಗಕ್ಕೆ ಇಂದಿಗೂ ಬಳಕೆಯಲ್ಲಿರುವ ಡೈಈಥೈಲ್‌ಕಾರ್ಬಮಜೈನ್ (ಡಿಇಸಿ) ಔಷಧವು ಅವರ ಮುಂದಾಳತ್ವದಲ್ಲಿ ರೂಪುಗೊಂಡಿತು. ಈ ರೋಗ ನೆಲೆಯೂರಿದ್ದ ರಾಯಚೂರು, ಯಾದಗಿರಿ, ಕಲಬುರಗಿ ಮೊದಲಾದ ಜಿಲ್ಲೆಗಳಲ್ಲಿ ಮನೆಮನೆಗೆ ಹಂಚಲಾದ ಮಾತ್ರೆ ಇದೇ.

ಬಾಲ್ಯ ಮತ್ತು ಶಿಕ್ಷಣ

ಸುಬ್ಬರಾವ್ ಅವರು 1895ರ ಜನವರಿ 12ರಂದು ಆಂಧ್ರದ ಭೀಮಾವರಂನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೂರನೆಯ ಪ್ರಯತ್ನಕ್ಕೆ ತೇರ್ಗಡೆಯಾದರು. ಸ್ಪ್ರೂ ಎಂಬ ಕರುಳಿನ ರೋಗವು ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಖಾದಿಯ ನಿಲುವಂಗಿ ಧರಿಸಿ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದ ಅವರಿಗೆ ಎಂ.ಬಿ.ಬಿ.ಎಸ್. ಬದಲು ಕೆಳಮಟ್ಟದ ಎಲ್.ಎಂ.ಎಸ್. ಪದವಿ ದೊರೆಯಿತು. 1922ರಲ್ಲಿ ಅಮೆರಿಕಕ್ಕೆ ತೆರಳಿದ ಅವರು ಮತ್ತೆ ಸ್ವದೇಶಕ್ಕೆ ಮರಳಲಿಲ್ಲ.

ಸಂಶೋಧನೆ

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ ರಂಜಕದ ಪ್ರಮಾಣವನ್ನು ಅಳೆಯುವ ವಿಧಾನವನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ಸ್ನಾಯುಗಳ ಶಕ್ತಿಮೂಲವಾದ ಎಟಿಪಿ ಕುರಿತ ಶೋಧದಲ್ಲಿಯೂ ಅವರ ಪಾಲಿದೆ. 1940ರಲ್ಲಿ ಲೆಡರ್ಲಿ ಪ್ರಯೋಗಾಲಯವನ್ನು ಸೇರಿದರು. ಫೋಲಿಕ್ ಆಮ್ಲದ ಸಂಶ್ಲೇಷಣೆ, ರಕ್ತದ ಕ್ಯಾನ್ಸರ್‌ಗೆ ಬಳಸಿದ ಅಮಿನೋಪ್ಟೆರಿನ್ ಹಾಗೂ ಆರಿಯೋಮೈಸಿನ್ ಅಲ್ಲಿನ ಅವರ ತಂಡದ ಸಾಧನೆಗಳು.

ಆನೆಕಾಲು ರೋಗದ ಔಷಧ

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯಾ ತಗುಲಿದ್ದು ಈ ಔಷಧದ ಹುಡುಕಾಟಕ್ಕೆ ಪ್ರೇರಣೆಯಾಯಿತು. 1947ರಲ್ಲಿ ಡಿಇಸಿ ಬೆಳಕಿಗೆ ಬಂದಿತು.

ಬೆಳೆದ ಲಾಡಿಹುಳು ಮನುಷ್ಯನ ಕರುಳಿನಲ್ಲಿ ಬದುಕಿದರೆ, ಫೈಲೇರಿಯಾ ಹುಳುವಿನ ನೆಲೆ ದುಗ್ಧನಾಳಗಳು ಮತ್ತು ದುಗ್ಧರಸ ಗ್ರಂಥಿಗಳು. ಸೊಳ್ಳೆ ಕಚ್ಚಿದಾಗ ದೇಹ ಸೇರುವ ಮರಿಗಳು ಅಲ್ಲಿ ಬೆಳೆಯುತ್ತವೆ. ಇದರಿಂದ ನಾಳಗಳು ಹಿಗ್ಗಿ ದುಗ್ಧರಸದ ಹರಿವು ಕೆಡುತ್ತದೆ. ತೊಡೆಸಂದಿನ ಗ್ರಂಥಿಗಳು ಊದಿಕೊಂಡು ನೋಯುತ್ತವೆ. ವರ್ಷಗಳು ಕಳೆದಂತೆ ಕಾಲು ದಪ್ಪವಾಗುತ್ತದೆ. ಡಿಇಸಿಯು ರಕ್ತದಲ್ಲಿರುವ ಮರಿಹುಳುಗಳನ್ನು ನಾಶಪಡಿಸಿ ರೋಗ ಹರಡುವುದನ್ನು ತಡೆಯುತ್ತದೆ. ಆದರೆ ದಪ್ಪವಾದ ಕಾಲನ್ನು ಮೊದಲಿನಂತೆ ಮಾಡಲಾರದು. ಆದ್ದರಿಂದಲೇ ರೋಗವಿರುವ ಪ್ರದೇಶಗಳಲ್ಲಿ ಆರೋಗ್ಯವಂತರಾಗಿ ಕಾಣುವವರಿಗೂ ಇದನ್ನು ನೀಡಲಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ತೀವ್ರ ಅಸ್ವಸ್ಥರಿಗೆ ಮಾತ್ರ ಕೊಡುವುದಿಲ್ಲ. ಭಾರತದಲ್ಲಿ 2004ರಿಂದ ಸಾಮೂಹಿಕ ಔಷಧ ಸೇವನೆ ಕಾರ್ಯಕ್ರಮ ದೊಡ್ಡ ಪ್ರಮಾಣದಲ್ಲಿ ನಡೆದಿದೆ.

ನಿಧನ ಮತ್ತು ಸ್ಮರಣೆ

ಸುಬ್ಬರಾವ್ ಅವರು 1948ರ ಆಗಸ್ಟ್‌ನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಲಿಲ್ಲ. ಜನ್ಮಶತಮಾನೋತ್ಸವದ ಅಂಗವಾಗಿ 1995ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣೆಯ ಅಂಚೆಚೀಟಿಯನ್ನು ಹೊರತಂದಿತು.